ಕಸ್ತೂರಿಯ ಬರ್ಫದ ಟಾಕಿ

ದಡ್ಡಿ ಊರಿನ ಹೊರಗಿನ ತೋಟದ ವಸ್ತಿಯಲ್ಲಿ ಹಾಲಿನ ಡೇರಿ ನಡೆಸುವ ಕಸ್ತೂರಿಗೆ ಬ್ಯಾಟರಿ ಎಂಬ ಶಬ್ದ ಕೇಳಿದರೇ ತಲೆ ಸಿಡಿಯುತ್ತಿತ್ತು. ಸಂಕೇಶ್ವರದಿಂದ ಹಾಲಿನ ಗಾಡಿ ಬರುವುದು ಬೆಳಿಗ್ಗೆ ಮಾತ್ರ. ಸಂಜೆಯ ಹಾಲು ಅಲ್ಲಿಯವರೆಗೆ ತಣ್ಣಗಿರಬೇಕು. ಇನ್ನೊಮ್ಮೆ ಒಡೆದರೆ ಈ ಕಡೆ ಬರುವುದೇ ಇಲ್ಲವೆಂದು ಗಾಡಿಯವನು ಕಡ್ಡಿ ಮುರಿದಂತೆ ಹೇಳಿದ್ದ. ರಾತ್ರಿ ಕರೆಂಟಿನ ಭರವಸೆಯಿಲ್ಲ. ಡೀಸೆಲ್ ಜನರೇಟರಿನ ಹೊಗೆ ಸಾಕಾಗಿ ವಸ್ತಿಯವರೆಲ್ಲ ಸೇರಿ ಸೋಲಾರ್ ಹಾಕಿಸಿದ್ದರು. ಆದರೆ ಹಗಲಿನ ಬಿಸಿಲನ್ನು ರಾತ್ರಿಗೆ ಎಲ್ಲಿ ಕೂಡಿಡುವುದು? ಜಗಳವೆಲ್ಲ ಅಲ್ಲೇ.

ಮಾವ ಶೆಟ್ಟೆಪ್ಪ ಟ್ರ್ಯಾಕ್ಟರಿನಲ್ಲಿರುವಂಥ, ನೀರು ಹಾಕುವ ಬ್ಯಾಟರಿಯ ಕಡೆ. ಅವು ಬಂದವು, ದಿನಾ ಬಳಿದು ಬಳಿದು ಖಾಲಿ ಮಾಡಿದ್ದಕ್ಕೆ ಬೇಗನೆ ಸತ್ತವು. ಗಂಡ ಸುನೀಲ ಹಟ ಹಿಡಿದು ಲಿಥಿಯಂ ತಂದ. ಹಗುರ, ಬಾಳಿಕೆಯೂ ಹೆಚ್ಚು, ಖರೆ. ಆದರೆ ಪತ್ರಾಸಿನ ತಗಡು ಸೂರಿನ ಕೆಳಗೆ ಕಾದಾಗಲೆಲ್ಲ ಮುನಿಸಿಕೊಂಡು ಬಂದ್ ಆಗುತ್ತಿತ್ತು. ಕಸ್ತೂರಿ ಇಬ್ಬರನ್ನೂ ಬೈದು ಬರ್ಫದ, ಎಂದರೆ ಮಂಜುಗಡ್ಡೆ ಕಟ್ಟುವ, ಟಾಕಿ ತರಿಸಿದಳು. ಮಧ್ಯಾಹ್ನದ ಬಿಸಿಲಿನಲ್ಲೇ ನೀರು ಹೆಪ್ಪುಗಟ್ಟಿಸಿಟ್ಟರೆ, ಸಂಜೆ ಹಾಲಿನ ಕ್ಯಾನುಗಳನ್ನು ಅದರಲ್ಲಿ ಇಳಿಸಿದರಾಯಿತು.

“ಬರ್ಫದಿಂದ ಬಲ್ಬ್ ಹತ್ತತೈತೇನು?” ಸುನೀಲ ನಕ್ಕ.

“ಬಲ್ಬ್ ನಿಮ್ಮ ಬ್ಯಾಟರಿಲೆ ಹಚ್ಕೋರಿ. ನನಗ ಹಾಲ ಉಳಿಬೇಕ.”

ಅಮಾವಾಸ್ಯೆ ಬಂತು. ಕುರಿ ಕಾಯುವ ಮನೆತನ. ಅಂದು ಗಾಡಿ, ಮಷಿನ್ನುಗಳಿಗೆಲ್ಲ ದೇವರ ಭಂಡಾರದ ಅರಿಶಿನ ಹಚ್ಚದೆ ಊಟವಿಲ್ಲ. ಶೆಟ್ಟೆಪ್ಪ ಭಕ್ತಿ ಉಕ್ಕಿ, ಚಿಟಿಕೆ ಅರಿಶಿನದ ಜಾಗದಲ್ಲಿ ಮುಷ್ಟಿ ತುಂಬ ತೂರಿದ. ಬ್ಯಾಟರಿಯ ಪಕ್ಕದ ಸೋಲಾರ್ ಇನ್ವರ್ಟರಿನ ಫ್ಯಾನು ಅದನ್ನೆಲ್ಲ ಒಳಗೆಳೆದುಕೊಂಡಿತು. ದೀಪ ಹಚ್ಚುವ ಹೊತ್ತಿಗೆ ಎಲ್ಲವೂ ಠಪ್ಪನೆ ನಿಂತವು.

“ಹಾಲ ಒಡದ್ರ ನಾಳೆಯಿಂದ ನಾ ಬರೂದಿಲ್ಲ ನೋಡವಾ,” ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದ ಕಾಡವ್ವ ಎಂದಳು. ಕಸ್ತೂರಿ ಹಲ್ಲು ಕಚ್ಚಿ, ಕತ್ತಲಲ್ಲೇ ಒಂದೊಂದಾಗಿ ಕ್ಯಾನು ಬರ್ಫಕ್ಕಿಳಿಸಿದಳು.

ಬೆಳಿಗ್ಗೆ ಗಾಡಿಯವನು ಮೂಸಿದ, ಪರೀಕ್ಷೆ ಮಾಡಿದ, ತಕರಾರಿಲ್ಲದೆ ತುಂಬಿಕೊಂಡು ಹೋದ. ಶೆಟ್ಟೆಪ್ಪ ಮುಖ ಸಣ್ಣದು ಮಾಡಿಕೊಂಡು, ಭಂಡಾರದ ಬಟ್ಟಲು ಹಿಡಿದು ಟಾಕಿಯ ಹತ್ತಿರ ಬಂದ. ಕಸ್ತೂರಿ ಮುಚ್ಚಳಕ್ಕೆ ಅಡ್ಡ ನಿಂತಳು.

“ಮಾವಾರ, ಇದರಾಗ ಒಂದ ಚಿಟಿಕಿ ಬಿದ್ರ ನೋಡ್ರಿ! ಬ್ಯಾಟರಿಗಿ ಹಚ್ಚಿದ್ರಿ, ಟ್ರ್ಯಾಕ್ಟರಿಗಿ ಹಚ್ಚಿದ್ರಿ. ಇದನ್ನೆಲ್ಲಾ ನಡಸಾಕಿ ಒಬ್ಬಾಕಿ ಅದಾಳಲ್ರಿ, ಆಕಿ ಹಣಿ ನಿಮಗ ಕಾಣಲಿಲ್ಲೇನ್ರಿ?”

ಮುದುಕ ಬಟ್ಟಲನ್ನು ಟಾಕಿಯಿಂದ ದೂರ ಸರಿಸಿದ. ಆಮೇಲೆ ಬೆರಳು ಅದ್ದಿ ಸೊಸೆಯ ಹಣೆಗೆ ದಪ್ಪಗೆ ಭಂಡಾರ ಹಚ್ಚಿದ. ಕಸ್ತೂರಿಯ ಕಣ್ಣು ತುಂಬಿ ಬಂತು. ಸಿಟ್ಟು ಮಾತ್ರ ಇಳಿದಿರಲಿಲ್ಲ. ಒರೆಸುವ ಅರಿವೆಯನ್ನು ಮಾವನ ಕೈಗೆ ಕೊಟ್ಟು ಅರಿಶಿನ ಮೆತ್ತಿದ ಇನ್ವರ್ಟರಿನ ಫ್ಯಾನಿನ ಕಡೆ ಬೆರಳು ತೋರಿಸಿದಳು.