ಬೆಂಚಿನ ಮೇಲೆ ಬಳೆ ತೊಟ್ಟವನು

ನಾನು ಚಿಕ್ಕವನಿದ್ದಾಗ ಅರ್ಧ ಊರು ನನ್ನ ಗಂಟಲಲ್ಲೇ ವಾಸವಾಗಿತ್ತು. ತಾರಿ ದೋಣಿಯವನು ಆಚೆ ದಡಕ್ಕೆ ಹಾಕುವ ಕೂಗು, ಮೀನು ಮಾರುವ ಅಜ್ಜಿ ಚೌಕಾಸಿ ಮಾಡಿದವರಿಗೆ ಕೊಡುವ ಬೈಗುಳ, ಸಿಟ್ಟು ಬಂದಾಗ ಮೂಗಿನಿಂದ ಮಾತಾಡುವ ಮಾಸ್ತರರು, ಎಲ್ಲರೂ ನನಗೆ ಬಾಯಿಪಾಠವಾಗಿದ್ದರು. ಪಾಠವೊಂದು ಮಾತ್ರ ಬಾಯಿಪಾಠ ಆಗಲಿಲ್ಲ. ಬೇರೆಯವರ ಅಣಕು ಕೇಳಿ ಹೊಟ್ಟೆ ಹಿಡಿದು ನಗುವವರು ತಮ್ಮ ಸರದಿ ಬಂದ ಕೂಡಲೇ ನನ್ನ ಕಿವಿ ಹಿಂಡುತ್ತಿದ್ದರು. ಅದಕ್ಕೇ ನನ್ನ ಕಿವಿ ಇವತ್ತಿಗೂ ಇಷ್ಟು ದೊಡ್ಡದು. ನಗಬೇಡಿ ಮೊಮ್ಮಕ್ಕಳೇ, ನಿಮಗೂ ಅದೇ ಕಿವಿ ಬಂದಿದೆ.

ನಮ್ಮ ಮನೆ ಕಾಸರಕೋಡಿನಲ್ಲಿತ್ತು. ಶರಾವತಿ ಹೊಳೆ ದಾಟಿದರೆ ಹೊನ್ನಾವರ ಪೇಟೆ, ಅಲ್ಲಿ ನಮ್ಮ ಶಾಲೆ. ಆಗ ಸೇತುವೆ ಇರಲಿಲ್ಲ, ತಾರಿ ದೋಣಿಯೇ ಗತಿ. ಅಪ್ಪ ತಾರಿ ಕಟ್ಟೆಯಲ್ಲಿ ಚೀಟಿ ಕೊಡುವ ಕೆಲಸದಲ್ಲಿದ್ದರು. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ನಮಗೆ ಯುದ್ಧವೆಂದರೆ ಸಕ್ಕರೆಯಿಲ್ಲದ ಚಹ, ಸೀಮೆಎಣ್ಣೆಯಿಲ್ಲದ ಚಿಮಣಿ, ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಕೆಮ್ಮುತ್ತಾ ಓಡುವ ಬಸ್ಸು.

ಆ ವರ್ಷ ಅಕ್ಕನ ಹೈಸ್ಕೂಲಿಗೆ ಹೊಸ ಶಿಕ್ಷಕಿಯೊಬ್ಬರು ಬಂದರು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅವರು ಬರುವಾಗ ಒಂದು ಟ್ರಂಕು, ಒಂದು ಸೀಟಿ, ಒಂದು ಚರ್ಮದ ಚೆಂಡು ತಂದಿದ್ದರು. ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತೇನೆ ಎಂದರು. ಪೀಪಾಯಿಯ ಕಬ್ಬಿಣದ ಬಳೆಯನ್ನು ಹಲಗೆಗೆ ಹೊಡೆದು, ಹಲಗೆಯನ್ನು ತೆಂಗಿನ ಕಂಬಕ್ಕೆ ಕಟ್ಟಿ, ಅದಕ್ಕೆ ನಮ್ಮ ಕೇರಿಯವರಿಂದ ಮೀನುಬಲೆಯ ಚೂರು ಹೆಣೆಸಿ ಇಳಿಬಿಟ್ಟರು. ಪೇಟೆಯ ಜನ ಅದನ್ನು ಬುಟ್ಟಿ ಚೆಂಡು ಎಂದು ಕರೆದರು. ತಳವಿಲ್ಲದ ಬುಟ್ಟಿ ಮಾಡಿದ ಬುದ್ಧಿವಂತ ಯಾರು, ಅದರಲ್ಲಿ ಬಂಗಡೆ ಹಾಕಿದರೆ ಮನೆಗೆ ಎಷ್ಟು ತಲುಪೀತು ಎಂದು ಮೀನು ಮಾರುವ ಅಜ್ಜಿ ದಿನಾ ಕೇಳುತ್ತಿದ್ದಳು.

ಆಡಲಿಕ್ಕೆ ಮನೆಯವರು ಒಪ್ಪಿದ ಹುಡುಗಿಯರು ಆರೇ ಜನ. ಐವರು ಆಡುವವರು. ಆರನೆಯವಳು ನಮ್ಮ ಅಕ್ಕ, ಬೆಂಚಿನವಳು. ಅವಳು ಎಸೆದ ಚೆಂಡು ಬುಟ್ಟಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ಹೋಗುತ್ತಿತ್ತು, ಒಮ್ಮೆ ಅಕ್ಕೋರ ಹಣೆಗೂ. ಆದರೆ ಬೆಂಚಿಗೊಂದು ಕೆಲಸವಿತ್ತು. ಆಡುವ ಮೊದಲು ಹುಡುಗಿಯರು ಗಾಜಿನ ಬಳೆ ತೆಗೆದಿಡಬೇಕು. ನೆಲದ ಮೇಲಿಟ್ಟರೆ ಒಡೆಯುತ್ತವೆ, ಒಡೆದರೆ ಮನೆಯಲ್ಲಿ ಬಯ್ಯುತ್ತಾರೆ. ಅದಕ್ಕೇ ಐವರ ಬಳೆಯನ್ನೂ ಅಕ್ಕ ತೊಟ್ಟುಕೊಳ್ಳುತ್ತಿದ್ದಳು. ಮೊಣಕೈವರೆಗೆ ಹಸಿರು, ಕೆಂಪು ಬಳೆ ತೊಟ್ಟು ಬೆನ್ನು ನೆಟ್ಟಗೆ ಮಾಡಿ ಕೂತರೆ ಮದುಮಗಳೇ ಸರಿ. ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ಎರಡೂ ಕೈ ಎತ್ತಿ ಅಲ್ಲಾಡಿಸುತ್ತಿದ್ದಳು. ಝಲ್ಲೆನ್ನುವ ಆ ಸದ್ದು ರಸ್ತೆಯವರೆಗೆ ಕೇಳುತ್ತಿತ್ತು.

ಕುಮಟೆಯ ಹುಡುಗಿಯರು ನಮ್ಮಲ್ಲಿಗೆ ಆಡಲು ಬರುವುದೆಂದು ಗೊತ್ತಾಯಿತು. ಸರಿಯಾಗಿ ಆಗಲೇ ಅಕ್ಕ ಬಿದ್ದಳು. ಆಟದಲ್ಲಲ್ಲ. ತಾರಿ ಕಟ್ಟೆಯಲ್ಲಿ, ನೀರಿಳಿದು ಪಾಚಿ ಹೊಳೆಯುತ್ತಿದ್ದ ಚಿರೇಕಲ್ಲಿನ ಮೆಟ್ಟಿಲ ಮೇಲೆ, ನನ್ನ ಕಣ್ಣೆದುರೇ ಜಾರಿದಳು. ಪಾದದ ಗಂಟು ಉಳುಕಿ ಹಲಸಿನ ತೊಳೆಯ ಹಾಗೆ ಊದಿಕೊಂಡಿತು. ಅಮ್ಮ ಅರಿಶಿನ, ಸುಣ್ಣ ಕಲಸಿ ಹಚ್ಚಿ ಹಳೇ ಪಂಚೆಯ ಚೂರು ಸುತ್ತಿದಳು.

ಪೇಟೆಯಲ್ಲಿ ಒಬ್ಬ ಅಜ್ಜನಿದ್ದ. ಬಿಸಿಲಿರಲಿ, ಮಳೆಯಿರಲಿ, ಕೈಯಲ್ಲಿ ಛತ್ರಿ. ನಾವು ಹುಡುಗರು ಅವನನ್ನು ಛತ್ರಿ ಅಜ್ಜ ಎನ್ನುತ್ತಿದ್ದೆವು. ಮಾತಿಗೆ ಮೊದಲು ಅವನಿಗೆ ಕೆಮ್ಮು ಬರಬೇಕು. ಮರಳ ಮೇಲೆ ದೋಣಿ ಎಳೆದ ಹಾಗೆ ಉದ್ದ ಕೆಮ್ಮು. ಅವನೂ ಹಿಂದಿನ ಮಳೆಗಾಲದಲ್ಲಿ ಅದೇ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದ. ಅಪ್ಪ ಹೋಗಿ ಎತ್ತಿದ್ದರು, ಛತ್ರಿ ಮಾತ್ರ ಸಮುದ್ರ ನೋಡಲು ಹೊರಟುಹೋಗಿತ್ತು. ಬಹಳ ದಿನ ನಾನು ಅವನ ಕುಂಟು ನಡಿಗೆ ನಡೆದು ತೋರಿಸಿ ಚುರುಮುರಿ ಗಿಟ್ಟಿಸಿದ್ದೆ. ಈಗ ಅಕ್ಕ ಬಿದ್ದದ್ದೇ ತಡ, ಅಜ್ಜ ಅಂಗಡಿ ಅಂಗಡಿಯ ಮುಂದೆ ಕೆಮ್ಮಿಕೊಂಡು, ಬುಟ್ಟಿ ಚೆಂಡು ಆಡಿ ಹುಡುಗಿಯ ಕಾಲು ಹೋಯಿತು, ಇನ್ನು ಇದನ್ನು ನಿಲ್ಲಿಸಬೇಕು ಎಂದು ಹೇಳುತ್ತಾ ಬಂದ. ಒಂದು ಪಂದ್ಯವನ್ನೂ ಆಡದವಳ ಕಾಲು ಆಟದಿಂದ ಮುರಿಯಿತಂತೆ. ಊರು ಅದನ್ನು ನಂಬಿತು.

ಆಟದ ದಿನ ಬೆಳಿಗ್ಗೆ ಅಮ್ಮ ಹೋಗಬೇಡ ಎಂದಳು. ಅಪ್ಪ ಗಂಜಿ ಉಂಡು ಮುಗಿಸಿ ಕೈ ತೊಳೆದು ಹೇಳಿದರು:

“ಬೆಂಚಿನ ಮೇಲೆ ಕೂತ್ಕಳೂಕೆ ಕಾಲು ಎಂತಕೆ? ಹೋಗ್ಲಿ.”

ದೋಣಿಯಲ್ಲಿ ನಾನು ಅಕ್ಕನ ಊರುಗೋಲಾಗಿ ಹೋದೆ. ಆಚೆ ಕಟ್ಟೆಯಲ್ಲಿ ಹುಡುಗಿಯರು ಕಾಯುತ್ತಿದ್ದರು. ನಾಲ್ಕೇ ಜನ. ಐದನೆಯವಳು, ನಾನು ಉದ್ದ ಜಡೆಯ ಅಕ್ಕ ಎನ್ನುತ್ತಿದ್ದವಳು, ಬಂದಿರಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಚೆಂಡು ಹಾಕುವವಳು ಅವಳೇ, ಮತ್ತು ಛತ್ರಿ ಅಜ್ಜನ ಮೊಮ್ಮಗಳೂ ಅವಳೇ. ಅಜ್ಜ ಅವಳನ್ನು ತಡೆದಿದ್ದ. ಐವರು ಮೈದಾನದಲ್ಲಿ ನಿಲ್ಲದಿದ್ದರೆ ಆಟ ಶುರುವಾಗುವುದಿಲ್ಲ, ಕುಮಟೆಯವರು ಹಾಗೇ ತಿರುಗಿ ಹೋಗುತ್ತಾರೆ. ಇವತ್ತು ನಿಂತ ಆಟ ಮತ್ತೆ ಶುರುವಾಗಲು ಯಾವ ಮನೆಯವರೂ ಬಿಡುವುದಿಲ್ಲ. ಹುಡುಗಿಯರ ಕಣ್ಣಲ್ಲಿ ನೀರಿತ್ತು.

ಅಕ್ಕ ತನ್ನ ಪಂಚೆ ಸುತ್ತಿದ ಕಾಲು ನೋಡಿಕೊಂಡಳು. “ಅಳೂದು ಆಮೇಲೆ. ಮೊದ್ಲು ನನ್ನ ಎತ್ಕಳಿ,” ಎಂದಳು.

ಶಾಲೆಗೆ ಹಿತ್ತಿಲ ದಾರಿಯೊಂದಿತ್ತು. ಅದರಲ್ಲಿ ಹೋಗಲಿಲ್ಲ. ಇಬ್ಬರು ಕೈಗೆ ಕೈ ಹೆಣೆದು ಕುರ್ಚಿ ಮಾಡಿ, ಅದರ ಮೇಲೆ ಅಕ್ಕನನ್ನು ಕೂರಿಸಿ, ಪೇಟೆಯ ನಟ್ಟನಡುವೆ ಹೊತ್ತುಕೊಂಡು ಹೋದರು. ಒಣಮೀನಿನ ವಾಸನೆ, ಬೆಲ್ಲದ ವಾಸನೆ, ಜನರ ಗುಸುಗುಸು ಎಲ್ಲ ದಾಟಿದೆವು. ನಾನು ಮುಂದೆ ನಡೆಯುತ್ತಾ ದೋಣಿಯವನ ದನಿಯಲ್ಲಿ ದಾರಿ ಬಿಡಿ, ದಾರಿ ಬಿಡಿ ಎಂದು ಕೂಗಿದೆ. ಜನ ಬಿಟ್ಟರು.

ಅಕ್ಕೋರು ಮೊದಲು ಸುತರಾಂ ಒಪ್ಪಲಿಲ್ಲ. ನೋವಾದವಳನ್ನು ಆಡಿಸಲು ತಮಗೇನು ಹುಚ್ಚೇ ಎಂದು ಕೇಳಿದರು. ಅಕ್ಕ ಹೇಳಿದಳು: “ಆಡೂದಿಲ್ಲ ಅಕ್ಕೋರೆ, ನಿಲ್ಲೂದು ಅಷ್ಟೇ. ನಾನು ಆಡಿದ್ರೂ ನಿಂತ ಹಾಗೇ ಅಲ್ದಾ?” ಅಕ್ಕೋರಿಗೆ ನಗು ತಡೆಯಲಾಗಲಿಲ್ಲ. ಒಂದು ಹೆಜ್ಜೆ ಓಡಿದರೂ ಹೊರಗೆ ಕರೆಯುತ್ತೇನೆ ಎಂಬ ಷರತ್ತು ಹಾಕಿ ಒಪ್ಪಿದರು.

ಆಮೇಲೆ ಬಳೆಯ ಪ್ರಶ್ನೆ ಬಂತು. ಬೆಂಚು ಖಾಲಿ, ಐವರ ಬಳೆ ಯಾರು ತೊಡಬೇಕು? ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಕಡೆ ಗಂಡಸನ್ನು ಹೇಡಿ ಎನ್ನಬೇಕಾದರೆ ಬಳೆ ತೊಟ್ಕೋ ಎನ್ನುತ್ತಾರೆ. ಎಷ್ಟೋ ಹುಡುಗರಿಗೆ ನಾನೇ ಹಾಗೆ ಹೇಳಿ ಅಳಿಸಿದ್ದೆ. ಈಗ ನಾನೇ ಕೈ ಚಾಚಿ ಕೂತೆ. ನನ್ನ ತೋಳೋ ಕಡ್ಡಿ, ಬಳೆಗಳು ಸರಾಗವಾಗಿ ಏರಿದವು. ಕಂಪೌಂಡಿನ ಮೇಲೆ ಕೂತ ನನ್ನ ವರ್ಗದ ಹುಡುಗರು ಮದುಮಗಳೇ ಎಂದು ಕೂಗಿದರು. ಮುಖ ಕೆಂಪಾಯಿತು. ಕೈ ಹಿಂದೆ ಬಚ್ಚಿಟ್ಟುಕೊಂಡೆ. ಆಗ ಮೈದಾನದ ನಡುವೆ ಒಂಟಿ ಕಾಲಲ್ಲಿ ಕೊಕ್ಕರೆಯ ಹಾಗೆ ನಿಂತ ಅಕ್ಕ ಕಂಡಳು. ಇಡೀ ಊರಿಗೆ ಅವಳ ಕಾಲು ಕಾಣುತ್ತಿತ್ತು, ಅವಳು ಅದನ್ನು ಎಲ್ಲಿಯೂ ಬಚ್ಚಿಟ್ಟಿರಲಿಲ್ಲ. ನಾನೂ ಎರಡೂ ಕೈ ಎತ್ತಿ ಝಲ್ಲೆನಿಸಿದೆ. ಹುಡುಗರ ಹೆಸರು ಹಿಡಿದು, ಅವರವರ ಅಮ್ಮನ ದನಿಯಲ್ಲಿ ಊಟಕ್ಕೆ ಕರೆದೆ. ಒಬ್ಬ ನಿಜವಾಗಿ ಇಳಿದು ಮನೆಗೆ ಓಡಿದ.

ಕುಮಟೆಯ ಹುಡುಗಿಯರು ತಡವಾಗಿ ಬಂದರು. ಇದ್ದಿಲು ಬಸ್ಸು ಏರಿನಲ್ಲಿ ನಿಂತುಹೋಗಿ, ಅವರೇ ಇಳಿದು ತಳ್ಳಿದ್ದರು. ಮುಖಕ್ಕೆಲ್ಲ ಮಸಿ. ಆದರೂ ಜಿಂಕೆಗಳ ಹಾಗೆ ಓಡಿದರು. ನಮ್ಮ ಚೆಂಡಿಗೆ ಸೈಕಲ್ ಟ್ಯೂಬಿನ ತೇಪೆ ಹಾಕಿತ್ತು, ಒಂದು ಕಡೆ ಹಲ್ಲುನೋವಿನ ಕೆನ್ನೆಯಂತೆ ಉಬ್ಬಿತ್ತು. ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೆಂದು ದೇವರಿಗೂ ತಿಳಿಯದು. ಚಿರೇಕಲ್ಲಿನ ಕೆಂಪು ಧೂಳು ಪರಕರಗಳಿಗೆಲ್ಲ ಮೆತ್ತಿತು. ಅಕ್ಕ ನಮ್ಮ ಬುಟ್ಟಿಯ ಕೆಳಗೆ ಕೈ ಎತ್ತಿ ನಿಂತೇ ಇದ್ದಳು. ಕುಮಟೆಯವರು ಪಾಪ, ತುಳಸಿಕಟ್ಟೆ ಸುತ್ತುವ ಹಾಗೆ ಅವಳನ್ನು ಸುತ್ತಿ ಹೋಗಿ ಚೆಂಡು ಹಾಕುತ್ತಿದ್ದರು. ನಾವು ಸೋಲುತ್ತಿದ್ದೆವು. ಆದರೆ ಆಟ ನಡೆಯುತ್ತಿತ್ತು.

ಒಮ್ಮೆ ಓಡಿ ಬಂದ ಹುಡುಗಿಗೆ ನಿಲ್ಲಲಾಗಲಿಲ್ಲ. ಭುಜ ತಗುಲಿ ಅಕ್ಕ ಕೆಳಗೆ ಬಿದ್ದಳು. ಸೀಟಿ ಕೇಳಿತು. ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಛತ್ರಿ ಅಜ್ಜ ಎದ್ದು ನಿಂತ. ಅವನ ಹಿಂದೆ ಕಂಬಕ್ಕೊರಗಿ ಉದ್ದ ಜಡೆಯ ಅಕ್ಕ ನಿಂತಿದ್ದಳು. ದೋಣಿ ಎಳೆದ ಹಾಗೆ ಕೆಮ್ಮು ಬಂತು, ಆಮೇಲೆ ಮಾತು.

“ನೋಡಿದ್ರಾ? ನಾನು ಹೇಳ್ಲಿಲ್ವಾ? ಇದೇ ಆಟದಿಂದ ಆ ಹುಡ್ಗಿ ಕಾಲು ಹೋತು. ಇವತ್ತಿಗೆ ಸಾಕು, ನಿಲ್ಸಿ.”

ಅಕ್ಕ ನೆಲದ ಮೇಲಿಂದಲೇ ಉತ್ತರ ಕೊಟ್ಟಳು. ದನಿ ಜಗಲಿಯವರೆಗೂ ಕೇಳುವಷ್ಟು ಜೋರಾಗಿತ್ತು.

“ಅಜ್ಜಾ, ನನ್ನ ಕಾಲು ಹೋದದ್ದು ತಾರಿ ಮೆಟ್ಲ ಮೇಲೆ. ಹೋದ ಮಳೆಗಾಲ ನೀವೂ ಅಲ್ಲೇ ಬಿದ್ರಲ್ಲ. ಆಗ ಯಾರೂ ತಾರಿ ನಿಲ್ಸಿ ಅಂದಿಲ್ಲ.”

ಮೊದಲು ನಕ್ಕವಳು ಮೀನು ಮಾರುವ ಅಜ್ಜಿ. ಆಮೇಲೆ ಇಡೀ ಮೈದಾನ ನಕ್ಕಿತು. ಛತ್ರಿ ಅಜ್ಜನಿಗೆ ಕೆಮ್ಮು ಬಂದು ಅರ್ಧಕ್ಕೇ ನಿಂತಿತು. ಆ ಕೆಮ್ಮಿನ ಉಳಿದರ್ಧ ನನ್ನ ಬಾಯಲ್ಲಿ ಸಿದ್ಧವಾಗಿತ್ತು, ಆದರೆ ನುಂಗಿಕೊಂಡೆ. ಯಾಕೆಂದರೆ ಉದ್ದ ಜಡೆಯ ಅಕ್ಕ ಜಗಲಿಯಿಂದ ಇಳಿದಿದ್ದಳು. ಪರಕರದ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಬೆಂಚಿನ ಹತ್ತಿರ ಬಂದು, ಒಂದೊಂದೇ ಬಳೆ ತೆಗೆದು, ಕೈ ಚಾಚು ಮಗಾ ಎಂದಳು. ಮೊಣಕೈ ಮೇಲೂ ಬಳೆ ಏರಿದವು.

ಅಜ್ಜ ಮೊಮ್ಮಗಳನ್ನು ಕರೆಯಲು ಬಾಯಿ ತೆರೆದ. ಅವಳು ತಿರುಗಿ ನೋಡಲಿಲ್ಲ. ಕೊನೆಗೆ ಅಜ್ಜ ಕುರ್ಚಿಯಲ್ಲಿ ಕುಸಿದು ಕೂತು ಗೊಣಗಿದ: “ಆತು. ಆಡೂದಾದ್ರೆ ನೆಟ್ಟಗೆ ಆಡು.”

ಅಕ್ಕ ಕುಂಟುತ್ತಾ ಬೆಂಚಿಗೆ ಬಂದಳು. ಬೆಂಚಿಗೆ ಯಾರೂ ಅಷ್ಟು ಗತ್ತಿನಿಂದ ಬಂದದ್ದನ್ನು ನಾನು ಕಂಡಿಲ್ಲ. ಬಳೆ ಕೊಡಲೇ ಎಂದು ಕೇಳಿದರೆ, ಇರಲಿ, ನಿನಗೇ ಒಪ್ಪುತ್ತದೆ ಎಂದು ಊರನ್ನೆಲ್ಲ ಅಣಕಿಸುವ ನನ್ನನ್ನೇ ಅಣಕಿಸಿದಳು. ಉದ್ದ ಜಡೆಯ ಅಕ್ಕ ಹಾಕಿದ ಮೊದಲ ಚೆಂಡು ಮೀನುಬಲೆಯೊಳಗಿಂದ ಜಾರಿ ಬಿದ್ದಾಗ ನಾನು ಕೈ ಎತ್ತಿ ಕುಣಿದೆ. ಎರಡು ಬಳೆ ಒಡೆದವು. ಪಂದ್ಯವನ್ನೂ ಸೋತೆವು. ಆದರೆ ಸೋಲುವವರೆಗೂ ಆಡಿಯೇ ಸೋತೆವು.

ಸಂಜೆ ದೋಣಿ ದಾಟುವ ಮೊದಲೇ ಸುದ್ದಿ ದಾಟಿತ್ತು. ಮರುದಿನ ಅಪ್ಪ ಇಬ್ಬರು ದೋಣಿಯವರನ್ನು ಕಟ್ಟಿಕೊಂಡು ಆಚೆ ಈಚೆ ಎರಡೂ ಕಟ್ಟೆಯ ಪಾಚಿ ಕೆರೆಸಿದರು. ಮೇಲೆ ನಿಂತು ಛತ್ರಿಯ ತುದಿಯಿಂದ ಅಲ್ಲಿ ಕೆರೆ, ಇಲ್ಲಿ ಕೆರೆ ಎಂದು ತೋರಿಸಿದವನು ಯಾರು ಗೊತ್ತೇ? ಅವನೇ, ಕೆಮ್ಮಿನ ಸಮೇತ.

ಮಕ್ಕಳೇ, ಹೋದ ವಾರ ನಿಮ್ಮ ಪಂದ್ಯ ನೋಡಲು ಬಂದಿದ್ದೆನಲ್ಲ. ಕಾಲು ಜಾರದ ನುಣುಪು ನೆಲ, ಚೀರುವ ಬೂಟುಗಳು, ಎಲ್ಲ ಕಡೆಯೂ ಗುಂಡಗಿರುವ ಚೆಂಡು. ನಿಮ್ಮಲ್ಲೊಬ್ಬಳ ಕಾಲು ಉಳುಕಿದಾಗ ಯಾರೋ ಐಸಿನ ಚೀಲ ಹಿಡಿದು ಓಡಿ ಬಂದರು. ಹುಡುಗಿಯರ ಆಟ ನಿಲ್ಲಿಸಿ ಎಂದು ಯಾರಾದರೂ ಏಳುತ್ತಾರೇನೋ ಎಂದು ನಾನು ಛತ್ರಿ ಅಜ್ಜನ ಕೆಮ್ಮನ್ನು ಗಂಟಲಲ್ಲಿ ಸಿದ್ಧ ಮಾಡಿಕೊಂಡು ಕಾದೆ. ಯಾರೂ ಏಳಲಿಲ್ಲ. ಅಷ್ಟು ಚೆನ್ನಾಗಿ ಕಲಿತ ಕೆಮ್ಮು ವ್ಯರ್ಥವಾಯಿತು, ಆಗಲಿ.

ಆಟಕ್ಕೆ ಇಳಿಯುವ ಮೊದಲು ನೀವೆಲ್ಲ ಕೈಗಡಿಯಾರ ಬಿಚ್ಚಿ, ಅಜ್ಜ ಹಿಡ್ಕೊಳ್ಳಿ ಎಂದು ನನ್ನ ಮಡಿಲಿಗೆ ಹಾಕಿದಿರಿ. ನಾನು ಒಂದೊಂದಾಗಿ ಎಲ್ಲವನ್ನೂ ಮೊಣಕೈವರೆಗೆ ಕಟ್ಟಿಕೊಂಡೆ. ಎಲ್ಲರೂ ನೋಡ್ತಿದ್ದಾರೆ ಅಜ್ಜಾ ಎಂದು ನೀವು ಮುಖ ಮುಚ್ಚಿಕೊಂಡಿರಿ. ನೋಡಲಿ ಬಿಡಿ. ನಿಮ್ಮ ಚೆಂಡು ಬುಟ್ಟಿಗೆ ಬಿದ್ದಾಗ ನಾನು ಎದ್ದು ನಿಂತು ಎರಡೂ ಕೈ ಎತ್ತಿ ಅಲ್ಲಾಡಿಸಿದೆ. ನಿಮ್ಮ ಗಡಿಯಾರಗಳಿಗೆ ಝಲ್ಲೆನ್ನಲು ಬರುವುದಿಲ್ಲ. ಅದಕ್ಕೇ ಆ ಸದ್ದನ್ನು ಬಾಯಲ್ಲೇ ಮಾಡಿದೆ.