ಪೂಜೆಗೆ ಮುಂಚೆ ಹಾಕಿದ ಗಾಳ

ಆ ಗಾಳ ಹಾಕಿದವನು ನಾನು. ಪಾಲಾಕ್ಷನಲ್ಲ. ತಾಳ್ಯದ ಹತ್ತಿರದ ಅವನ ಊರಿನಲ್ಲಿ ಇವತ್ತಿಗೂ ಎಲ್ಲರೂ ಅವನೇ ಎಂದು ನಂಬಿದ್ದಾರೆ. ಗಂಗಮ್ಮನ ಪೂಜೆಗೆ ಮುಂಚೆ ಹೊಸನೀರಿಗೆ ಗಾಳ ಇಳಿಸಿ ಕೆರೆ ಕೆಡಿಸಿದವನು ಎಂಬ ಹೆಸರು ಅವನಿಗೆ ಅಂಟಿದೆ. ಅಂಟಿಸಿದವನು ನಾನು. ಅದೂ ಎಲ್ಲರ ಎದುರಿಗೆ, ಹಾಡಹಗಲಲ್ಲಿ.

ನನ್ನ ಹೆಸರು ನಜೀರ. ಹೊಳಲ್ಕೆರೆಯಲ್ಲಿ ಹಾಸಿಗೆ ಅಂಗಡಿ ಇದೆ. ಅಜ್ಜನ ಕಾಲದಿಂದ ನಮ್ಮದು ಹತ್ತಿ ಹಿಂಜುವ ಮನೆ. ಎದುರಿಗೇ ಪಾಲಾಕ್ಷನ ಮೋಟರ್ ರಿಪೇರಿ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ಅವನ ಕೆಲಸ. ಅವನ ತಮ್ಮಂದಿರು ಊರಲ್ಲಿ ಕುರಿ, ಹೊಲ ನೋಡಿಕೊಂಡರೆ ಇವನು ಪೇಟೆ ಸೇರಿದ್ದ. ನನ್ನ ಗಡ್ಡದಲ್ಲಿ ಯಾವಾಗಲೂ ಹತ್ತಿಯ ಎಳೆ, ಅವನ ಬೆರಳಲ್ಲಿ ಯಾವಾಗಲೂ ವಾರ್ನಿಷಿನ ವಾಸನೆ. ಇಬ್ಬರಿಗೂ ಮೀನು ಹಿಡಿಯುವ ಹುಚ್ಚು. ತಿನ್ನುವುದಕ್ಕೆ ಅಂತೇನಲ್ಲ. ಹಿಡಿದ ಮೀನಿಗಿಂತ ಸುಟ್ಟ ಪೆಟ್ರೋಲೇ ತೂಕ ಹೆಚ್ಚು ಎಂದು ನನ್ನ ಹೆಂಡತಿ ಹೇಳುತ್ತಿದ್ದಳು, ಅದು ನಿಜವೇ.

ನಮ್ಮ ಕಡೆ ಕೊರಮೀನು ಅಂತ ಒಂದಿದೆ. ಹಾವಿನ ತಲೆ, ಕಪ್ಪು ಮೈ. ಬೇಸಿಗೆಯೆಲ್ಲ ಕೆಸರಿನಲ್ಲಿ ಅಡಗಿದ್ದು ಮುಂಗಾರಿನ ಮೊದಲ ನೀರಿಗೆ ಎದ್ದು ಬರುತ್ತದೆ. ಆಗ ಅದಕ್ಕೆ ಹಸಿವೂ ಜಾಸ್ತಿ, ಸಿಟ್ಟೂ ಜಾಸ್ತಿ. ನೀರಿನ ಮೇಲೆ ಕಪ್ಪೆಯಂಥದ್ದು ಏನು ಓಡಿದರೂ ನುಗ್ಗಿ ಬಾಯಿ ಹಾಕುತ್ತದೆ. ಆ ಒಂದು ಸದ್ದಿಗಾಗಿ ನಾವು ವರ್ಷವಿಡೀ ಕಾಯುತ್ತಿದ್ದೆವು. ರೋಹಿಣಿ ಮಳೆ ನಾಲ್ಕು ಹನಿ ಉದುರಿಸಿತೆಂದರೆ ಸಾಕು, ಇಬ್ಬರ ಅಂಗಡಿಯಲ್ಲೂ ಕೆಲಸ ಕುಂಟುತ್ತಿತ್ತು.

ಆ ವರ್ಷ ಮೊದಲು ಹೋಗಿದ್ದು ಹಿರಿಯೂರಿನ ಕಡೆ. ಬಬ್ಬೂರು ದಾಟಿ ವೇದಾವತಿಯ ಮಡುವೊಂದರಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಗಾಳ ಎಸೆದೆವು. ಸಿಕ್ಕಿದ್ದು ಒಂದು ಹಳೇ ಸೀರೆ. ಮುಂದಿನ ವಾರ ಹೊಸದುರ್ಗದ ಕಡೆ ಹಿನ್ನೀರಿಗೆ ಹೋದೆವು. ಅಂಗೈಯಗಲದ ಜಿಲೇಬಿ ಮೀನು ಬಿಟ್ಟರೆ ಅಲ್ಲೂ ಏನಿಲ್ಲ. ಆನ್‌ಲೈನಿನಲ್ಲಿ ನಾನು ತರಿಸಿದ್ದ ರಬ್ಬರ್ ಕಪ್ಪೆ ನೋಡಿ ಪಾಲಾಕ್ಷ, "ಲೇ, ಇದನ್ನ ನೋಡಿ ಮೀನು ನಗ್ತಾ ಅವೆ ಕಣೋ, ಅದಕ್ಕೇ ಬಾಯಿಗೆ ಹಾಕ್ತಿಲ್ಲ" ಅಂದ. ಹಿಂದಿನ ವರ್ಷ ತೋಳುದ್ದದ ಕೊರಮೀನು ಹಿಡಿದವನು ಅವನು. ಆ ಫೋಟೋ ಅವನ ಅಂಗಡಿಯ ಗೋಡೆ ಮೇಲೆ, ನನ್ನ ಗಲ್ಲಾಕ್ಕೆ ಸರಿಯಾಗಿ ಎದುರಿಗೆ. ಬಂದ ಗಿರಾಕಿಗಳಿಗೆಲ್ಲ ತೋರಿಸಿ, "ನಮ್ ನಜೀರಣ್ಣ ಇಂಥಾದ್ದು ಕನಸ್ನಾಗೆ ಹಿಡೀತಾನೆ" ಅನ್ನುತ್ತಿದ್ದ. ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು — ಅದನ್ನು ಈಗ ಹೇಳದಿದ್ದರೆ ಉಳಿದದ್ದು ಹೇಳಿಯೂ ಪ್ರಯೋಜನವಿಲ್ಲ.

ಗಾಳದ ಬಗ್ಗೆ ಒಂದು ಮಾತು. ಪೇಟೆಯ ಗಾಳ ಕೊರಮೀನಿನ ಬಾಯಲ್ಲಿ ನಿಲ್ಲುವುದಿಲ್ಲ ಎಂದು ಪಾಲಾಕ್ಷ ದಪ್ಪ ಗಾಳ ತಂದು, ಅದರ ಕಾಲಿಗೆ ಮೋಟರಿನ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿ, ಮೇಲೆ ವಾರ್ನಿಷು ಹಚ್ಚುತ್ತಿದ್ದ. ಅಂಥ ಗಾಳ ಇಡೀ ಸೀಮೆಯಲ್ಲಿ ಇನ್ನೊಬ್ಬರ ಹತ್ತಿರ ಇರಲಿಲ್ಲ. ಊರಿನ ಹುಡುಗರೆಲ್ಲ ಅದನ್ನು ಕಂಡವರೇ. ನನಗೂ ಒಂದು ಡಬ್ಬಿ ತುಂಬ ಮಾಡಿಕೊಟ್ಟಿದ್ದ.

ಅವನ ಊರಿನ ಕೆರೆ ಪ್ರತಿ ವರ್ಷ ತುಂಬುವ ಕೆರೆಯಲ್ಲ. ಯಾವ ವರ್ಷ ಹೊಸನೀರು ಬಂದು ತೂಬಿನ ಕಲ್ಲು ಮುಟ್ಟುತ್ತದೋ ಆ ವರ್ಷ ಊರಿನವರು ದಿನ ಗೊತ್ತುಮಾಡಿ ಗಂಗಮ್ಮನ ಪೂಜೆ ಮಾಡುತ್ತಾರೆ. ಹೊಸನೀರು ಬಂದಾಗಿನಿಂದ ಪೂಜೆಯವರೆಗೆ ಯಾರೂ ಬಲೆ ಹಾಕುವಂತಿಲ್ಲ, ಗಾಳ ಹಾಕುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಪೂಜೆಯ ದಿನ ಒಂದು ಮನೆಯವರು ನೀರಿಗಿಳಿದು ಮೊದಲ ಕೊಡ ತುಂಬಿಕೊಂಡು ಏರಿಯ ಮೇಲಿನ ಗಂಗಮ್ಮನ ಕಲ್ಲಿಗೆ ತರಬೇಕು. ಆ ಮನೆ ಪಾಲಾಕ್ಷನದು. ಅವನ ತಾತ ತಂದಿದ್ದ, ಅಪ್ಪ ತಂದಿದ್ದ. ಅಪ್ಪ ತೀರಿಕೊಂಡ ಮೇಲೆ ಕೆರೆಯ ಹಿಂಭಾಗದ ಗುಂಡಿಯಲ್ಲಿ ಒಂದಿಷ್ಟು ನಿಲ್ಲುತ್ತಿತ್ತೇ ಹೊರತು ತೂಬಿನ ಕಲ್ಲು ಮುಟ್ಟುವಷ್ಟು ನೀರು ಬಂದಿರಲಿಲ್ಲ. ಆ ವರ್ಷ ಒಂದೇ ರಾತ್ರಿಯ ಮಳೆಗೆ ಬಂತು. ಕೊಡ ಹೊರುವ ಸರದಿ ಮೊದಲ ಸಲ ಇವನಿಗೆ. ಮೋಟರು ಸುತ್ತುವವನು ಕೆಲಸ ನಿಲ್ಲಿಸಿ ನನ್ನ ಅಂಗಡಿಗೆ ಬಂದು, ಬಿಳಿ ಪಂಚೆ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಕೇಳಿದ. ಅವ್ವ ಆಗಲೇ ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದಾಳೆ ಅಂದ.

"ಸೋಮವಾರ ಪೂಜೆ. ನೀನೂ ಬರಬೇಕು. ಮಂಗಳವಾರ ಗಾಳ ತಗಂಡು ಹೋಗಾಣ. ಅಲ್ಲೀಗಂಟ ಆ ಕೆರೆ ಕಡೀಕ್ ತಿರುಗಿ ನೋಡಬ್ಯಾಡ, ನಿನ್ ಕೈ ಸುಮ್ಕಿರಲ್ಲ" ಎಂದು ನಕ್ಕ.

ಶನಿವಾರ ಮಧ್ಯಾಹ್ನ ನಾನು ಹೋದೆ.

ಯಾಕೆ ಹೋದೆ — ಇದಕ್ಕೆ ದೊಡ್ಡ ಕಾರಣವಿಲ್ಲ. ಮಂಗಳವಾರ ಅವನ ಜೊತೆ ಹೋದರೆ ಅವನೇ ಹಿಡಿಯುತ್ತಾನೆ ಅನ್ನಿಸಿತು. ನಾನೊಬ್ಬನೇ ಹಿಡಿದು, ಬಬ್ಬೂರಿನಲ್ಲಿ ಸಿಕ್ಕಿತು ಎಂದು ಹೇಳಿ, ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು — ಐವತ್ತು ಹತ್ತಿರವಾದವನ ತಲೆಯಲ್ಲಿ ಇದ್ದದ್ದು ಇಷ್ಟೇ. ಕೆರೆಯ ಹಿಂಭಾಗಕ್ಕೆ ಜಾಲಿಗಿಡಗಳ ನಡುವೆ ಬೈಕು ಮರೆಮಾಡಿ ನಿಲ್ಲಿಸಿದೆ. ನೀರು ಕೆಂಪಗಿತ್ತು. ಮುಳುಗಿದ ಜಾಲಿಯ ನೆರಳಿನಲ್ಲಿ ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಮರಿಗಳ ಹಿಂಡು ಏಳುತ್ತಿತ್ತು, ಮುಳುಗುತ್ತಿತ್ತು. ಕೊರಮೀನಿನ ಮರಿಗಳು. ಅವುಗಳ ಕೆಳಗೆ ಕಾವಲಿಗೆ ತಾಯಿಯೋ ತಂದೆಯೋ ಇದ್ದೇ ಇರುತ್ತದೆ. ಮರಿಗಳ ಹತ್ತಿರ ಏನು ಬಂದರೂ ಅದು ಹೊಡೆಯುತ್ತದೆ. ಪಾಲಾಕ್ಷನೂ ನಾನೂ ಅಂಥ ಮೀನಿಗೆ ಎಂದೂ ಗಾಳ ಎಸೆದವರಲ್ಲ. ರಬ್ಬರ್ ಕಪ್ಪೆಗೆ ಅವನು ಮಾಡಿಕೊಟ್ಟ ಗಾಳವನ್ನೇ ಸಿಕ್ಕಿಸಿ ಆವತ್ತು ಎಸೆದೆ. ಕಪ್ಪೆ ನೀರಿಗೆ ಬೀಳುತ್ತಿದ್ದಂತೆ ಬಡಿಯಿತು. ಅಷ್ಟು ದೊಡ್ಡದನ್ನು ನಾನು ಅಲ್ಲಿಯವರೆಗೆ ಹಿಡಿದಿರಲಿಲ್ಲ, ಆವತ್ತೂ ಹಿಡಿಯಲಿಲ್ಲ. ಜಾಲಿಯ ಬುಡಕ್ಕೆ ಸುತ್ತಿಕೊಂಡಿತು, ಎಳೆದೆ, ದಾರ ಹರಿಯಿತು. ಗಾಳ ಅದರ ಬಾಯಲ್ಲೇ ಉಳಿಯಿತು. ಆಮೇಲೆ ಬೈಕು ಹತ್ತಿ ಮನೆಗೆ ಬಂದೆ. ಬೇಜಾರಾಗಿದ್ದು ಮೀನು ತಪ್ಪಿತಲ್ಲ ಎಂದು, ಬೇರೇನಕ್ಕೂ ಅಲ್ಲ.

ಸೋಮವಾರ ಬೆಳಿಗ್ಗೆ ಏರಿಯ ಮೇಲೆ ಊರೇ ಸೇರಿತ್ತು. ಪಾಲಾಕ್ಷ ಹೊಸ ಪಂಚೆಯಲ್ಲಿ, ಕೊಡ ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಿಗೆ ನಿಂತುಬಿಟ್ಟ. ತೂಬಿನ ಪಕ್ಕ, ಕೊಡ ಮುಳುಗಿಸಬೇಕಾದ ಜಾಗದಲ್ಲೇ ಸತ್ತ ಕೊರಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಯಾರೋ ಕೋಲಿನಿಂದ ದಡಕ್ಕೆ ಎಳೆದರು. ರಬ್ಬರ್ ಕಪ್ಪೆ ಕಿತ್ತುಹೋಗಿತ್ತು. ದವಡೆಯಲ್ಲಿ ಗಾಳ ಇತ್ತು. ಅದರ ಮೇಲಿನ ತಾಮ್ರ ಬಿಸಿಲಿಗೆ ಹೊಳೆಯಿತು.

ಊರಿನ ಹಿರಿಯ ರುದ್ರಪ್ಪ ಸಾವಧಾನದ ಮನುಷ್ಯ. ಕೂಗಾಡಲಿಲ್ಲ. "ಏನಪ್ಪಾ ಪಾಲಾಕ್ಷ, ಇದು ನಿಂದೇ ಅಲ್ವೇನೋ?" ಅಂದ.

"ಗಾಳ ನಂದೇ, ಆದ್ರೆ ನಾನು ಹಾಕಿಲ್ಲ ಕಣಣ್ಣ."

"ಬ್ಯಾರೆ ಯಾರಿಗೆ ಕೊಟ್ಟಿದ್ದೆ?"

"ನಜೀರಂಗೆ ಒಬ್ನಿಗೇ." ಅವನು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಅನುಮಾನ ಇರಲಿಲ್ಲ, ಅದನ್ನು ಖಂಡಿತವಾಗಿ ಹೇಳಬಲ್ಲೆ. ಡಬ್ಬಿಯಿಂದ ಯಾರಾದರೂ ಕದ್ದಿರಬಹುದೇ ಎಂದಷ್ಟೇ ಕೇಳುವ ಮುಖ. "ನಿನ್ ಡಬ್ಯಾಗಿನವು ಎಲ್ಲಾ ಅವೆ ಅಲ್ವೇನೋ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನ್ನ ಕೈ ನಿಜಕ್ಕೂ ಜೇಬಿಗೆ ಹೋಯಿತು. ಆಮೇಲೆ ಹೇಳಿದೆ —

"ಎಲ್ಲಾ ಅವೆ."

ಅಷ್ಟೇ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡೆ. ಆ ದೊಣ್ಣೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ನನಗೆ ಗೊತ್ತಿತ್ತು. ಆಗ ಗೊತ್ತಿರಲಿಲ್ಲ ಎಂದರೆ ಅದು ಎರಡನೇ ಸುಳ್ಳಾಗುತ್ತದೆ.

ಪಾಲಾಕ್ಷ ಮತ್ತೆ ವಾದಿಸಲಿಲ್ಲ. ಗಾಳವನ್ನೇ ನೋಡುತ್ತ ನಿಂತ. ಆ ದಿನ ಪೂಜೆ ನಿಂತಿತು. ಮುಂದಿನ ವಾರ ಕೆರೆಗೆ ಶುದ್ಧಿ ಮಾಡಿಸಿ, ಕೊಡವನ್ನು ಅವನ ದೊಡ್ಡಪ್ಪನ ಮಗನ ಮನೆಗೆ ಕೊಟ್ಟರು. ಅಲ್ಲಿಂದೀಚೆಗೆ ಎರಡು ಸಲ ಕೆರೆಗೆ ನೀರು ಬಂದಿದೆ, ಎರಡು ಸಲವೂ ಅವರೇ ಹೊತ್ತಿದ್ದಾರೆ. ಇನ್ನು ಅದು ಅವರದೇ ಆದಂತೆ.

ಆ ಸೋಮವಾರ ಮಧ್ಯಾಹ್ನ ಪಾಲಾಕ್ಷನ ಅವ್ವ ನನ್ನನ್ನು ಉಣ್ಣದೆ ಕಳಿಸಲಿಲ್ಲ. ಹಬ್ಬಕ್ಕೆಂದು ಹೋಳಿಗೆ ಮಾಡಿದ್ದಳು. ಖಾಲಿ ಕೊಡ ಮೂಲೆಯಲ್ಲಿತ್ತು. "ಕುಂತ್ಕಳಪ್ಪ. ನಮ್ ಮನಿ ಗ್ರಾಚಾರ ಇದು, ನೀನ್ಯಾಕ್ ಹಸ್ಕಂಡ್ ಹೋಗ್ತೀಯ" ಅಂದಳು. ನಾನು ಕೂತೆ. ಉಂಡೆ. ಎರಡನೇ ಹೋಳಿಗೆ ಬಡಿಸಿದಳು, ಅದನ್ನೂ ತಿಂದೆ. ಈಗಲೂ ಯಾರ ಮನೆಯಲ್ಲಾದರೂ ಹೋಳಿಗೆ ಎಲೆಗೆ ಬಿದ್ದರೆ ನನಗೆ ನಾಚಿಕೆಯಾಗುತ್ತದೆ.

ನೆಪಗಳನ್ನು ನಾನು ಬಹಳ ವರ್ಷ ಸಾಕಿದ್ದೇನೆ. ಎಲ್ಲಕ್ಕಿಂತ ಒಳ್ಳೆಯ ನೆಪ ಯಾವುದೆಂದರೆ — ನಾನು ಸಾಬರವನು, ಅದು ಅವರ ದೇವರ ಪೂಜೆ, ಒಪ್ಪಿಕೊಂಡಿದ್ದರೆ ಇಲ್ಲದ ಗಲಾಟೆ ಆಗುತ್ತಿತ್ತು, ಊರಿನ ಶಾಂತಿಗಾಗಿ ಸುಮ್ಮನಿದ್ದೆ. ಕೇಳುವುದಕ್ಕೆ ದೊಡ್ಡ ಮನುಷ್ಯನ ಮಾತಿನಂತಿದೆ. ಆದರೆ ಆ ಊರಿನ ಅರ್ಧ ಮದುವೆಗಳಿಗೆ ಹಾಸಿಗೆ ಹೊಲಿದುಕೊಟ್ಟವನು ನನ್ನ ಅಪ್ಪ. ರುದ್ರಪ್ಪ ನನ್ನನ್ನು ಹುಡುಗನಿದ್ದಾಗಿನಿಂದ ಬಲ್ಲ. ಬೈಯುತ್ತಿದ್ದರು, ತಪ್ಪುಕಾಣಿಕೆ ಹಾಕಿಸುತ್ತಿದ್ದರು, ನಾಲ್ಕು ದಿನ ನಗುತ್ತಿದ್ದರು. ಅದೇ ದಿನ ಪಾಲಾಕ್ಷ ಕೊಡ ತುಂಬಿಕೊಂಡು ಮೇಲೆ ಬರುತ್ತಿದ್ದ. ನಾನು ಹೆದರಿದ್ದು ಜಾತಿಗಲ್ಲ, ಗಲಾಟೆಗಲ್ಲ. ಬೇಡ ಅಂದಮೇಲೂ ಕದ್ದು ಹೋದವನು ಎಂದು ಗೆಳೆಯನ ಮುಂದೆ ಸಣ್ಣವನಾಗುವುದಕ್ಕೆ.

ಪಾಲಾಕ್ಷ ಮೀನು ಹಿಡಿಯುವುದನ್ನೇ ಬಿಟ್ಟ. ಗೋಡೆಯ ಫೋಟೋ ತೆಗೆದ. ತನ್ನ ಕೋಲು, ರೀಲು ಎಲ್ಲ ತಂದು ನನ್ನ ಅಂಗಡಿಯಲ್ಲಿಟ್ಟು, "ನೀನಾದ್ರೂ ಹಿಡಿ" ಅಂದ. ನಾನು ಎರಡು ಮುಂಗಾರು ಒಬ್ಬನೇ ಹೋದೆ. ಹೊಸದುರ್ಗದ ಹಿನ್ನೀರಿನಲ್ಲಿ ಒಂದು ಒಳ್ಳೆಯ ಮೀನೂ ಸಿಕ್ಕಿತು. ಯಾರಿಗೆ ತೋರಿಸಬೇಕು ಎಂದು ತಿಳಿಯದೆ ವಾಪಸ್ಸು ಬಿಟ್ಟೆ. ಆಮೇಲೆ ಹೋಗಲಿಲ್ಲ.

ಕಳೆದ ಚಳಿಗಾಲದಲ್ಲಿ ಅವನ ಅವ್ವ ತೀರಿಕೊಂಡಳು. ಮಣ್ಣಿಗೆ ಹೋಗಿಬಂದೆ. ಆಗಲೂ ಬಾಯಿ ಬರಲಿಲ್ಲ. ಈ ತಿಂಗಳು ಮಳೆ ಬಿದ್ದು, ಕೆರೆಗೆ ಹೊಸನೀರು ಬಂತು ಎಂದು ಸುದ್ದಿ ಕೇಳಿದ ದಿನ ರಸ್ತೆ ದಾಟಿ ಅವನ ಅಂಗಡಿಗೆ ಹೋದೆ. ಅವನು ಮೋಟರಿಗೆ ತಂತಿ ತುಂಬುತ್ತಿದ್ದ. ಕೂತ್ಕೋ ಅನ್ನುವ ಮೊದಲೇ ಹೇಳಿಬಿಟ್ಟೆ. ಶನಿವಾರ, ಜಾಲಿಗಿಡ, ಮರಿಗಳು, ಹರಿದ ದಾರ — ಎಲ್ಲ.

ಅವನು ತಂತಿ ಕೆಳಗಿಟ್ಟ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

"ನೀನು ಎಲ್ಲಾ ಅವೆ ಅಂದ್ಯಲ್ಲ," ಅಂದ. "ಆಗ ನಾನು, ನಂದೇ ಇರಬೇಕು ಅನ್ಕಂಡೆ ಕಣೋ. ಬ್ಯಾಸಿಗೇಲಿ ಗುಂಡ್ಯಾಗೆ ನೀರಿದ್ದಾಗ ಆ ಜಾಲಿ ಬೇರಿಗೆ ಒಂದು ಗಾಳ ಕಟ್ಟಿದ್ದೆ. ಬಿಚ್ಕಂಡು ಬಂದ್ನೋ, ಮರ್ತು ಬಂದ್ನೋ... ಇಷ್ಟ್ ವರ್ಷ ಅದೇ ಯೋಚ್ನೆ."

ಅವನು ನನ್ನನ್ನು ಅನುಮಾನಿಸಿ ಮನಸ್ಸಿನಲ್ಲಿ ಬೈದುಕೊಂಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೆ. ಅವನು ತನ್ನನ್ನೇ ಅನುಮಾನಿಸಿಕೊಂಡಿದ್ದ. ಇದು ನನ್ನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಅವ್ವ ಕೊನೀಗೆ ಕೇಳಿದ್ಲು. ಸತ್ಯ ಹೇಳು, ನೀನೇ ಏನಪ್ಪಾ ಹಾಕಿದ್ದು ಅಂತ. ಹೂಂ ಕಣವ್ವಾ, ನಾನೇ ಇರಬೇಕು ಅಂದೆ. ಹೋಗ್ಲಿ ಬಿಡು ಅಂದ್ಲು. ಆಮ್ಯಾಕೆ ಆ ಮಾತೇ ಎತ್ತಲಿಲ್ಲ."

ನಾನು ಕ್ಷಮಿಸು ಎಂದು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ.

"ನನ್ನತ್ರ ಹೇಳಿದ್ರೆ ಏನಾತು? ಎಲ್ಲಿ ಸುಳ್ಳು ಹೇಳಿದ್ಯೋ ಅಲ್ಲೇ ಹೇಳು. ಏರಿ ಮ್ಯಾಲೆ. ಕೊಡ ನನಗೆ ಬ್ಯಾಡ."

ಮತ್ತೆ ತಂತಿ ಕೈಗೆತ್ತಿಕೊಂಡ. ನಾನು ರಸ್ತೆ ದಾಟಿ ವಾಪಸ್ಸು ಬಂದೆ.

ಬರುವ ಸೋಮವಾರ ಪೂಜೆ. ಹೋಗುತ್ತೇನೆ. ರುದ್ರಪ್ಪನಿಗೆ ಈಗ ಕಿವಿ ಸರಿಯಾಗಿ ಕೇಳುವುದಿಲ್ಲ, ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ. ಊರಿನವರು ಬೈದರೆ ಬೈಸಿಕೊಳ್ಳುತ್ತೇನೆ. ಇನ್ನು ಆ ಬೀದಿಗೆ ಕಾಲಿಡಬೇಡ ಅಂದರೆ ಇಡುವುದಿಲ್ಲ. ಕೊಡ ಯಾರ ಮನೆಗೆ ಹೋಗಬೇಕು ಎಂಬುದನ್ನು ಅವರವರೇ ತೀರ್ಮಾನಿಸಲಿ, ಅದರಲ್ಲಿ ಮಾತಾಡುವ ಯೋಗ್ಯತೆ ನನಗಿಲ್ಲ. ಅಂತೂ ನಿಜ ಅಷ್ಟು ಜನಕ್ಕೂ ಗೊತ್ತಾಗುತ್ತದೆ. ಗೊತ್ತಾಗಲೇಬೇಕಾಗಿದ್ದ ಒಬ್ಬಳು ಮಾತ್ರ, ತನ್ನ ಮಗನೇ ತಪ್ಪು ಮಾಡಿದ ಎಂದು ನಂಬಿ, ಹೋಗಲಿ ಬಿಡು ಅಂದು ಹೋಗಿಬಿಟ್ಟಳು.