ಮಗಳ ಸೊಂಟದ ಮೇಲೆ ನನ್ನ ಕಾಲು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಅಂಥವರ ಕಾಲು ತಾಗಿದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮೂರು ಸಗರದಲ್ಲಿ ನಂಬಿಕೆ. ಹೀಗಾಗಿ ಒಂದು ಸೀನು ಬಂದರೂ ಮಾತ್ರೆ ಹುಡುಕುವ ನನ್ನಂಥ ಪುಕ್ಕಲನ ಮನೆಗೆ, ಹತ್ತಿ ಬಿಡಿಸಿ ಸೊಂಟ ಹಿಡಿದುಕೊಂಡವರು ಮುಂಜಾನೆಯೇ ಬಂದು ಬೋರಲು ಮಲಗುತ್ತಾರೆ. ಎಡಗಾಲಿನಿಂದ ಮೂರು ಸಲ ಒತ್ತಿ ನಾನು ಶಾಲೆಗೆ ಹೋಗುತ್ತೇನೆ. ಅಲ್ಲಿ ವಿಜ್ಞಾನ ಕಲಿಸುತ್ತೇನೆ.

ಮಗಳಿಗೆ ಹದಿನೈದು. ಪುಣೆಯ ಫುಟ್‌ಬಾಲ್ ಅಕಾಡೆಮಿಯೊಂದು ಅವಳನ್ನು ಆರಿಸಿಕೊಂಡು ಎರಡು ವರ್ಷವಾಗಿತ್ತು. ಯಾದಗಿರಿಯಲ್ಲಿ ರೈಲು ಹತ್ತಿಸಿದ ದಿನದಿಂದ ನಾನು ಫೋನಿನಲ್ಲಿ ಅವಳ ಮೊಣಕಾಲು, ಹಿಮ್ಮಡಿ, ತಲೆ ಎಲ್ಲವನ್ನೂ ವಿಚಾರಿಸುತ್ತಿದ್ದೆ. ಸೊಂಟ ಮಾತ್ರ ಹೊಳೆಯಲಿಲ್ಲ. ಅದು ವಯಸ್ಸಾದವರ ರೋಗ ಎಂದುಕೊಂಡಿದ್ದೆ.

ಸಣ್ಣವಳಿದ್ದಾಗಿನಿಂದ ನನ್ನ ಕಾಲಿನ ವೈದ್ಯವನ್ನು ಅಣಕಿಸುತ್ತ ಬಂದವಳು, ದಸರಾ ರಜೆಯಲ್ಲಿ ತಾನೇ ಚಾಪೆ ಹಾಸಿ ಮಲಗಿದಳು. ನಾನು ಹಿಗ್ಗಿ ಒತ್ತಿದೆ. ಹಗುರಾಯಿತು ಎಂದಳು. ಆ ವಾರವೆಲ್ಲ ಓಣಿಯಲ್ಲಿ ಎದೆ ಸೆಟೆಸಿ ಓಡಾಡಿದೆ.

ಸಂಕ್ರಾಂತಿಗೆ ಬಂದಾಗ ಮತ್ತೆ ಚಾಪೆ ಹಾಸಿದಳು. ಈ ಸಲ ಕೆಳಗೆ ಕೂರಲು ಗೋಡೆ ಹಿಡಿದಳು. ಎತ್ತಿದ ಕಾಲನ್ನು ನಾನು ಕೆಳಗಿಟ್ಟೆ.

"ಎಷ್ಟು ದಿನ ಆತವ್ವ?"

"ದಸರಾಕ್ಕಿಂತ ಮೊದಲಿಂದ."

"ಕೋಚ್ ಸರಿಗಿ ಹೇಳೀಯೇನು?"

"ಹೇಳಿದ್ರ ಹೊರಗ ಕೂಡಸ್ತಾರಪ್ಪ. ಕೂತವ್ರನ್ನ ಮನಿಗಿ ಕಳಸ್ತಾರ. ನೀ ಸುಮ್ನ ಕಾಲು ಹಚ್ಚು."

ನನಗಾದರೂ ಹೇಳಬಾರದಿತ್ತೇ ಎಂದೆ. ನೆಗಡಿ ಎಂದಿದ್ದಕ್ಕೇ ಕೌದಿ ಹೊತ್ತು ಪುಣೆಗೆ ಬಂದವನಿಗೆ ಇದನ್ನು ಹೇಗೆ ಹೇಳುವುದೆಂದು ಕೇಳಿದಳು. ಅದು ನಿಜ. ಇಡೀ ಹಾಸ್ಟೆಲ್ ನಕ್ಕಿತ್ತಂತೆ.

ಮರುದಿನ ಶಹಾಪುರದಿಂದ ಬಸ್ಸು ಹತ್ತಿ ಅವಳನ್ನು ಯಾದಗಿರಿಯ ದವಾಖಾನೆಗೆ ಕರೆದೊಯ್ದೆ. ರಸ್ತೆಯ ಗುಂಡಿಗಳಿಗೆ ಅಂಜಿ ದಾರಿಯುದ್ದಕ್ಕೂ ಅವಳ ಬೆನ್ನ ಹಿಂದೆ ಅಂಗೈ ಇಟ್ಟುಕೊಂಡೇ ಕೂತಿದ್ದೆ. ಸ್ಕ್ಯಾನ್ ನೋಡಿದ ಡಾಕ್ಟರು ಸೊಂಟದ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ತೋರಿಸಿದರು. ಬೆಳೆಯುವ ಎಲುಬು, ದಿನಕ್ಕೆರಡು ಹೊತ್ತು ತರಬೇತಿ, ಬೆನ್ನು ತಿರುವಿ ತಿರುವಿ ಒದೆಯುವುದು. ಇಂಥ ಮಕ್ಕಳಲ್ಲಿ ಇದು ಆಗುತ್ತದಂತೆ. ಮೂರು ತಿಂಗಳು ಆಟ ಬಂದ್. ಹಾಗೇ ಆಡುತ್ತ ಹೋದರೆ ಎಲುಬು ಜಾರಬಹುದು. ಆಮೇಲೆ ಕೇಳಿದರು: "ಯಾರ ಕಡಿಂದರೆ ತಿಕ್ಕಿಸೀರೇನ್ರಿ, ಒತ್ತಿಸೀರೇನ್ರಿ?"

ನಾನು ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ಇಲ್ರಿ," ಎಂದಳು ಮಗಳು, ನನ್ನ ಕಡೆ ನೋಡದೆ.

ಎಷ್ಟು ಸಲೀಸಾಗಿ ಹೇಳಿದಳೆಂದರೆ, ಬಿರುಕಿಗಿಂತ ಅದಕ್ಕೇ ಹೆಚ್ಚು ಅಂಜಿದೆ. ನಾಲ್ಕು ತಿಂಗಳು ಕೋಚಿಗೂ ಹೀಗೇ ಹೇಳಿರಬೇಕು.

"ನಾನೇ ಒತ್ತೀನ್ರಿ," ಎಂದೆ. "ಕಾಲಿಲೆ."

ಹೊರಗೆ ಬಂದು ಕೋಚಿಗೆ ಫೋನ್ ಹಚ್ಚಿದೆ. ಮಗಳು ನನ್ನ ಮುಂಗೈ ಹಿಡಿದಳು. "ಬ್ಯಾಡಪ್ಪ. ನನ್ನ ಜಾಗ ಹೋಗ್ತದ." ಕೈ ಬಿಡಿಸಿಕೊಂಡು ಎಲ್ಲ ಹೇಳಿದೆ. ಸ್ಕ್ಯಾನಿನ ಚಿತ್ರ ಕಳಿಸಲು ಹೇಳಿದರು. ಜಾಗದ ವಿಷಯ ಆಮೇಲೆ ತಿಳಿಸುತ್ತಾರಂತೆ.

ಇನ್ನೂ ತಿಳಿಸಿಲ್ಲ. ಸೊಂಟ ಹಿಡಿದುಕೊಂಡು ಬಂದ ಪಕ್ಕದ ಮನೆಯ ಅತ್ತಿಗೆ, ಶಹಾಪುರದ ದವಾಖಾನೆಗೆ ಹೋಗಿ ಎಂದಿದ್ದಕ್ಕೆ ಮುನಿಸಿಕೊಂಡಿದ್ದಾರೆ. ಮಗಳಂತೂ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಫೋನ್ ಸದ್ದಾದರೆ ಇಬ್ಬರೂ ಬೆಚ್ಚುತ್ತೇವೆ. ಅಕಾಡೆಮಿಯವರು ಅವಳನ್ನು ಮರಳಿ ಕರೆಸಿಕೊಂಡರೂ ನನಗೆ ಭಯವೇ. ಅದನ್ನು ಅವಳಿಗೆ ಹೇಳಿಲ್ಲ.